ಲ್ಯಾಬಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಬಸುರಿ

ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಸೀಮಂತ ಮಾಡಿದ್ದೀರಾ? ನಾವು ಮಾಡಿದೆವು. ಅದೂ ಯೂನಿವರ್ಸಿಟಿಯ ಬಯೋಕೆಮಿಸ್ಟ್ರಿ ವಿಭಾಗದ ಸೆಮಿನಾರ್ ಹಾಲಿನಲ್ಲಿ, ಪ್ರೊಜೆಕ್ಟರ್ ಪರದೆ ಸುತ್ತಿಟ್ಟು, ಮಾವಿನ ತೋರಣ ಕಟ್ಟಿ.

ಬಸುರಿ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಸವಿತಾ. ಮಡಕಶಿರದ ಆಚೆ, ರೊಳ್ಳದ ಹತ್ತಿರದ ಹಳ್ಳಿಯವಳು. ಮಳೆ ಕೈಕೊಟ್ಟಾಗ ಕಡಲೆಕಾಯಿ ಬೀಜದ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಎಂಬುದು ಅವಳ ಸಂಶೋಧನೆ. (ನಾನು ರಾಯದುರ್ಗದವಳು, ಶೇಂಗಾ ಎನ್ನುತ್ತೇನೆ. ಈ ಜಗಳ ನಮ್ಮ ಲ್ಯಾಬಿನಲ್ಲಿ ಇನ್ನೂ ಮುಗಿದಿಲ್ಲ.)

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರುತ್ತಿಲ್ಲ. ಯಾಕಮ್ಮ ಎಂದೆ. ಕಣ್ಣಲ್ಲಿ ನೀರು.

“ಮೂರ್ ತಿಂಗ್ಳು ಮೇಡಂ. ಹೇಳಿದ್ರೆ ಲ್ಯಾಬಿಗೆ ಬರ್ಬೇಡ ಅಂತೀರೇನೋ ಅಂತ ಸುಮ್ಕಿದ್ದೆ.”

ಹಿಂದಿನ ವರ್ಷ ಒಮ್ಮೆ ಗರ್ಭಪಾತವಾಗಿತ್ತು. ಈ ಸಲ ಅವಳಿಗೆ ಹೆದರಿಕೆ.

ಅದೇ ಹೊತ್ತಿಗೆ ಜರ್ನಲ್‌ನವರು, ಒಂದು ಪ್ರಯೋಗ ಮತ್ತೆ ಮಾಡಿ ತೋರಿಸಿದರೆ ಲೇಖನ ಒಪ್ಪುತ್ತೇವೆ ಎಂದಿದ್ದರು. ಲೇಖನ ಬರದೆ ಥೀಸಿಸ್ ಕೊಡುವಂತಿಲ್ಲ. ಪ್ರಯೋಗಕ್ಕೆ ಜೆಲ್ ಬೇಕು. ಪ್ರೋಟೀನುಗಳನ್ನು ಬೇರ್ಪಡಿಸುವ, ಮೊಸರಿನ ಹಾಗೆ ಹೆಪ್ಪಾಗುವ ತೆಳು ಹಾಳೆ ಅದು. ಹೆಪ್ಪಾದ ಮೇಲೆ ಚಿಂತೆಯಿಲ್ಲ. ಅದಕ್ಕೂ ಮೊದಲಿನ ದ್ರಾವಣ ಮಾತ್ರ ವಿಷ. ಬಸುರಿ ಮುಟ್ಟುವಂತಿಲ್ಲ.

ಮಗುವೋ, ಪಿಎಚ್.ಡಿ.ಯೋ? ಗಂಡಸರಿಗೆ ಈ ಪ್ರಶ್ನೆ ಯಾರಾದರೂ ಕೇಳಿದ್ದುಂಟಾ?

ಕಾರಿಡಾರಿನಲ್ಲಿ ಹೋಗುತ್ತಿದ್ದ ಪ್ರೊಫೆಸರ್ ವೀರಭದ್ರಪ್ಪನವರಿಗೆ ನಮ್ಮ ಮಾತು ಕೇಳಿಸಿತು. ಡಿ. ಹಿರೇಹಾಳ್ ಊರಿನವರು, ನಿವೃತ್ತಿಗೆ ಹತ್ತಿರ. ಬಯೋಫಿಸಿಕ್ಸ್ ಪಾಠ ಮಾಡುವುದು, ತಮ್ಮ ಕೋಣೆ ಸೇರುವುದು, ಇಷ್ಟೇ. ಅವರು ನಕ್ಕಿದ್ದನ್ನು ನೋಡಿದವರು ಕಡಿಮೆ.

“ಜೆಲ್ ನಾ ಹಾಕ್ತೀನಿ. ನೀ ಹೊರಗ ಕುರ್ಚಿ ಹಾಕ್ಕೊಂಡು ಕುಂದ್ರು. ಹೆಂಗ ಬೇಕು ಹೇಳವ್ವ,” ಎಂದರು.

ನಿಮಗ್ಯಾಕೆ ತೊಂದರೆ ಸರ್, ನಾನೇ ಹಾಕುತ್ತೇನೆ, ಎಂದೆ.

“ಯಾಕ, ನನಗ ಬರಂಗಿಲ್ಲಂತ ತಿಳ್ಕಂಡೀರೇನ್ರಿ?”

ನಿಜಕ್ಕೂ ಬರಲಿಲ್ಲ. ಮೊದಲ ಜೆಲ್ ಗಾಜಿನ ಕೆಳಗಿಂದ ಸೋರಿ ಟೇಬಲ್ಲಿನ ಮೇಲೆ ಹರಿಯಿತು. (ಎಲ್ಲರದೂ ಸೋರುತ್ತದೆ, ಒಪ್ಪಿಕೊಳ್ಳುವವರು ಕಡಿಮೆ.) ಎರಡನೆಯದರ ತುಂಬ ಗುಳ್ಳೆ. ಬಾಗಿಲಾಚೆಯಿಂದ ಸವಿತಾ ಮೆಲ್ಲಗೆ, “ಓರೆ ಇಟ್ಕಳಿ ಸಾರ್. ನಿಧಾನಕ್ಕೆ ಸುರೀರಿ,” ಅನ್ನುವಳು. ಅವರು “ಹೂನವ್ವ, ಹೂನು,” ಎಂದು ಹೇಳಿದಂತೆ ಕೇಳುವರು.

ಇದನ್ನು ನೋಡಿ ಪಕ್ಕದ ಲ್ಯಾಬುಗಳ ಹುಡುಗರು ಹುಡುಗಿಯರು ಸುಮ್ಮನಿರುತ್ತಾರಾ? ಒಬ್ಬ ಬೀಜ ಅರೆದ. ಇನ್ನೊಬ್ಬಳು ಜೆಲ್‌ಗೆ ಬಣ್ಣ ಹಾಕಿದಳು. ಮಧ್ಯಾಹ್ನ ಎಲ್ಲರ ಡಬ್ಬಿಯಿಂದಲೂ ಸವಿತಾಳಿಗೊಂದು ಪಾಲು.

ಕೊನೆಗೊಂದು ದಿನ ಜೆಲ್‌ನಲ್ಲಿ ಪ್ರೋಟೀನುಗಳ ನೀಲಿ ಪಟ್ಟಿಗಳು ಸ್ಪಷ್ಟವಾಗಿ ಮೂಡಿದವು. ಮಳೆ ಕಂಡ ಬೀಜದ್ದು ಒಂದು ಕಡೆ, ಕಾಣದ ಬೀಜದ್ದು ಒಂದು ಕಡೆ. ಸವಿತಾ ಅವನ್ನೇ ನೋಡುತ್ತಿದ್ದಳು. ವೀರಭದ್ರಪ್ಪನವರು ಅವಳ ಮುಖ ನೋಡುತ್ತಿದ್ದರು.

ಲೇಖಕರ ಸಾಲಿನಲ್ಲಿ ನಿಮ್ಮ ಹೆಸರೂ ಹಾಕುತ್ತೇನೆ ಸರ್, ಎಂದಳು. “ಬ್ಯಾಡವ್ವ. ಬೀಜ ನಿಂದು, ಪ್ರಶ್ನೀನೂ ನಿಂದು,” ಎಂದು ಹೊರಟೇ ಹೋದರು. ಲೇಖನ ಒಪ್ಪಿಗೆಯಾಯಿತು. ಆಮೇಲೆಯೇ ಸೀಮಂತ. ಹಸಿರು ಬಳೆ ತಂದವರು ಯಾರು ಎಂದು ನಾನು ಹೇಳಬೇಕೇ?

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಕಳೆದ ಭಾನುವಾರ ನಾನೂ ವೀರಭದ್ರಪ್ಪನವರೂ ಸವಿತಾಳ ತವರಿಗೆ ಹೋಗಿದ್ದೆವು. ಹಿಪ್ಪುನೇರಳೆ ತೋಟದ ಪಕ್ಕದ ಮನೆ. ಸವಿತಾಳ ತಾಯಿ ಮಗುವನ್ನು ಸರ್ ಮಡಿಲಿಗಿಟ್ಟರು. ಅವರು ಅಲ್ಲಾಡದೆ ಕೂತರು. ಮಗು ನಿದ್ದೆ ಹೋಗಿ ಎಷ್ಟೋ ಹೊತ್ತಾದರೂ ವಾಪಸ್ ಕೊಡಲಿಲ್ಲ.

ಹೊರಡುವಾಗ ಸವಿತಾಳ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. “ಥೀಸಿಸ್ ಬರ್ದು ಮುಗಿಸ್ಬೇಕು ಅಂತಾವ್ಳೆ. ಕಳಿಸ್ತೀವಿ ಮೇಡಂ. ಮಗೀನ ಅಲ್ಲಿ ಎಲ್ ಮಲಗಿಸ್ತಾಳೆ?”

ನಮ್ಮ ಯಂತ್ರಗಳಿಗೆಲ್ಲ ಎ.ಸಿ. ಕೋಣೆಗಳಿವೆ, ಒಂದು ತೊಟ್ಟಿಲಿಗೆ ಜಾಗ ಬೇಕಾದೀತೆಂದು ಇಷ್ಟು ವರ್ಷ ನಮಗ್ಯಾರಿಗೂ ಏಕೆ ತೋಚಲಿಲ್ಲ?