ಮೂರನೇ ಭಾಗದ ಕ್ಷೌರಿಕ

ನಮ್ಮ ಬೀದಿಯ ಕ್ಷೌರಿಕನ ಕುರ್ಚಿಯಲ್ಲಿ ಕೂತವರು ತಲೆಯ ಜೊತೆಗೆ ಕಿವಿಯನ್ನೂ ಒಪ್ಪಿಸಬೇಕು. ಅವನ ಮೆಚ್ಚಿನ ವಿಡಿಯೋ ಗೇಮಿನ ಎರಡು ಭಾಗಗಳು ಬಂದು ಯಾವ ಕಾಲವಾಯಿತೋ. ಮೂರನೆಯದು ಬಂದೇ ಬರುತ್ತದೆಂದು, ತಾನೇ ಅದರ ಯಜಮಾನನೆಂಬಂತೆ ಹೇಳುತ್ತಾನೆ. ಕಂಪನಿಯವರು ಹೊಸ ಗೇಮುಗಳನ್ನು ಘೋಷಿಸುವ ದಿನ ಕನ್ನಡಿಯ ಪಕ್ಕ ಫೋನು ನಿಲ್ಲಿಸಿಕೊಂಡೇ ಕೆಲಸ. ಒಮ್ಮೆ ಫೋನಿನಲ್ಲಿ ಅವನ ಗೇಮಿನಲ್ಲಿರುವಂಥದೇ ಲಾಂದ್ರವೊಂದು ಮಿನುಗಿದ್ದೇ ತಡ, ತನ್ನ ಗೇಮೇ ಬಂತೆಂದು ಕುಣಿದು ನನ್ನ ಅರ್ಧ ಮೀಸೆ ಹಾರಿಸಿದ. ಅದು ಬೇರೆ ಯಾವುದೋ ಗೇಮಿನ ಲಾಂದ್ರ. "ಮೀಸೆ ಬೆಳೆಯುತ್ತೆ ಬಿಡಿ ಸಾರ್, ಆದ್ರೆ ನಮ್ಮ ಲಾಂದ್ರದ ಗತ್ತೇ ಬೇರೆ!" ಎಂದು ನನಗೇ ಸಮಾಧಾನ ಹೇಳಿದ. ಇಷ್ಟು ಹುಚ್ಚಿರುವವನು ಎರಡನೇ ಭಾಗದ ಕೊನೆಯ ಬಾಗಿಲನ್ನೇ ಇನ್ನೂ ತೆರೆದು ಆಟ ಮುಗಿಸಿಲ್ಲವೆಂದು ತಿಳಿದಾಗ ನಕ್ಕುಬಿಟ್ಟೆ. ಅವನು ಅಂಗಡಿಯ ಹಿಂದಿನ ಕೋಣೆಯ ಪರದೆ ಸರಿಸಿದ. ಪಾರ್ಶ್ವವಾಯು ಬಡಿದು ಕತ್ತರಿ ಕೆಳಗಿಟ್ಟ ಅವನ ಅಪ್ಪ, ಕಂಟ್ರೋಲರ್ ಹಿಡಿದು ಟಿವಿಯ ಮುಂದೆ ಕೂತಿದ್ದರು. ಗೇಮಿನಲ್ಲಿ ಮಗನದು ಕತ್ತಿ, ಅಪ್ಪನದು ಲಾಂದ್ರ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಬೆಳಕು. "ಮೊದಲು ಅಪ್ಪನ ಈ ಬೆರಳು ಅಲ್ಲಾಡ್ತಾನೇ ಇರ್ಲಿಲ್ಲ ಸಾರ್. ಗೇಮ್ ಮುಗಿದ್ರೆ ಕಂಟ್ರೋಲರ್ ಕೆಳಗಿಟ್ಟುಬಿಡ್ತಾರೆ. ಅದಕ್ಕೇ ಹಳೇ ದಾರೀಲೇ ಸುತ್ತಾಡ್ತಿದ್ದೀವಿ. ಮೂರನೇದು ಬರ್ಲಿ, ಆಗ ಬಾಗಿಲು ತೆಗೀತೀವಿ," ಎಂದ. ಅಪ್ಪ ಟಿವಿಯಿಂದ ಕಣ್ಣು ಕೀಳದೆ ಗದರಿದರು: "ಮಾತು ಸಾಕು, ಬಾರೋ! ನಾನೆಷ್ಟು ಹೊತ್ತು ದೀಪ ಹಿಡ್ಕೊಂಡಿರ್ಲಿ?" ಮಗ ನನ್ನತ್ತ ತಿರುಗಿ, ಮೂರನೇ ಭಾಗ ಬಂದೇಬಿಟ್ಟಿತೇನೋ ಎಂಬಂತೆ ಎದೆಯುಬ್ಬಿಸಿದ.