ತಣ್ಣಗಿಡು ಅಂದಿದ್ದೆ

ನಮ್ಮ ಅಪ್ಪನ ಮೊಣಕೈಗಳ ಮೇಲೆ, ಹಿಮ್ಮಡಿಯ ಹಿಂದೆ ಹಳದಿ ಬಣ್ಣದ ಉಬ್ಬುಗಳಿದ್ದವು. ಬಲೆ ಎಳೆದೂ ಎಳೆದೂ ಬಂದ ಜಡ್ಡು ಅಂತ ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು. ೧೯೯೭ರಲ್ಲಿ ಹಂಗಾರಕಟ್ಟೆಯಲ್ಲಿ ದೋಣಿಯಿಂದ ಮೀನು ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಗ ಅವರಿಗೆ ನಲವತ್ತೆರಡು ವರ್ಷ. ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟ್ರಾಲ್ ವಿಪರೀತ ಇರುವ, ವಂಶದಲ್ಲಿ ಹರಿದು ಬರುವ ಕಾಯಿಲೆ ಅದು ಅಂತ ನನಗೆ ಗೊತ್ತಾದದ್ದು ಮುಂದೆ ಕಾಲೇಜಿನಲ್ಲಿ ಓದುವಾಗ. ಪರೀಕ್ಷೆ ಮಾಡಿಸಿದೆ. ನನ್ನ ರಕ್ತ ಸರಿ ಇತ್ತು. ತಮ್ಮನದು ಸರಿ ಇರಲಿಲ್ಲ. ಇಪ್ಪತ್ತೈದು ತುಂಬುವ ಮೊದಲೇ ಅವನ ಮೊಣಕೈಯಲ್ಲೂ ಅದೇ ಉಬ್ಬು ಮೂಡಿತು.

ಅವನು ಅಪ್ಪನ ಹಾಗೆ ಮೀನಿಗೇ ಹೋದ. ನಾನು ಮುಂಬೈ ಕಡೆಯ ಒಂದು ಔಷಧ ಕಂಪನಿಯ ಪ್ರಯೋಗಾಲಯ ಸೇರಿದೆ. ಕೊಲೆಸ್ಟ್ರಾಲ್ ಇಳಿಸುವ ಹೊಸ ತರಹದ ಇಂಜೆಕ್ಷನ್ನು ಹಾಳಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಮಹಾ ರಗಳೆಯ ಮದ್ದು ಅದು. ಚರ್ಮದಡಿ ಚುಚ್ಚುವ ಒಂದು ಚಿಕ್ಕ ಸಿರಿಂಜಿನಲ್ಲಿ ಪೂರ್ತಿ ಡೋಸು ಹಿಡಿಯಬೇಕು. ಹೆಚ್ಚು ಕರಗಿಸಹೊರಟರೆ ಗಂಜಿಯ ಹಾಗೆ ದಪ್ಪವಾಗುತ್ತದೆ. ಬಿಸಿಲು ಆಗುವುದಿಲ್ಲ, ಕುಲುಕಿದರೆ ಆಗುವುದಿಲ್ಲ, ಹೆಪ್ಪುಗಟ್ಟಿದರಂತೂ ಒಂದಕ್ಕೊಂದು ಅಂಟಿ ಕೆಟ್ಟೇಹೋಗುತ್ತದೆ. ಸ್ವಲ್ಪ ಸಕ್ಕರೆ, ಸ್ವಲ್ಪ ಇನ್ನೊಂದು ಅಂತ ಬೆರೆಸಿ, ಹೆಪ್ಪುಗಟ್ಟಿಸಿ, ಕರಗಿಸಿ, ದೀಪದ ಮುಂದೆ ಹಿಡಿದು ಎಷ್ಟು ಸಹಿಸುತ್ತದೆ ಎಂದು ನೋಡುತ್ತಾ ವರ್ಷಗಳನ್ನೇ ಕಳೆದಿದ್ದೇನೆ. ನೆನಪಿಟ್ಟುಕೊಳ್ಳಿ, ಇಷ್ಟೆಲ್ಲ ಗೊತ್ತಿದ್ದವಳು ನಾನು.

ಆ ತರಹದ ಮದ್ದು ಕೊನೆಗೆ ಅಂಗಡಿಗೆ ಬಂದಾಗ ತಮ್ಮನಿಗೆ ಮೂವತ್ತೆಂಟು. ಮಾತ್ರೆಗಳಿಂದ ಅವನ ಕೊಲೆಸ್ಟ್ರಾಲ್ ಇಳಿಯುತ್ತಿರಲಿಲ್ಲ. ಒಂದು ಸಲ ಎದೆನೋವೂ ಬಂದು ಹೋಗಿತ್ತು. ಕುಂದಾಪುರದ ಡಾಕ್ಟರು ಚೀಟಿ ಬರೆದರು, ಐದು ತಿಂಗಳಿಗಾಗುವಷ್ಟು ಸಿರಿಂಜುಗಳನ್ನು ನಾನೇ ತಂದುಕೊಟ್ಟೆ. ಹದಿನೈದು ದಿನಕ್ಕೊಂದು. ಹೊರಡುವ ಗಡಿಬಿಡಿಯಲ್ಲಿ, ಚಪ್ಪಲಿ ಮೆಟ್ಟಿಕೊಂಡು ಅವನ ಹೆಂಡತಿಗೆ ಹೇಳಿದೆ: "ಕಾಣ್ ಹೆಣ್ಣೇ, ಇದನ್ನ್ ತಣ್ಣಗಿಡ್ಕ್. ತಂಪು ತಪ್ಪಿದ್ರೆ ಮದ್ದು ಹಾಳ್."

ಅವಳು ಕಿರಿಮಂಜೇಶ್ವರದ ಹುಡುಗಿ, ಮೀನು ಮಾರುವವರ ಮನೆಯಲ್ಲೇ ಬೆಳೆದವಳು. ನಕ್ಕುಬಿಟ್ಟಳು. "ಅಯ್ಯೋ ಅತ್ತಿಗೆ, ತಣ್ಣಗಿಡೂಕೆ ನಂಗೆ ಹೇಳ್ಕೊಡ್ಕಾ?"

ನಾನೂ ನಕ್ಕೆ.

ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆಯಾಯಿತು. ಅರ್ಧಕ್ಕಾದರೂ ಇಳಿಯಬೇಕಿದ್ದದ್ದು ಇದ್ದಲ್ಲೇ ಇತ್ತು. ನನಗೆ ತಲೆ ಕೆಟ್ಟುಹೋಯಿತು. ಮದ್ದಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ, ಬಂದದ್ದು ತಮ್ಮನ ಮೇಲೆ. ಸೂಜಿ ಕಂಡರೆ ಹೆದರುವವನು, ಚುಚ್ಚಿಕೊಳ್ಳದೆ ಸುಳ್ಳು ಹೇಳುತ್ತಿದ್ದಾನೆ ಅಂತ ತೀರ್ಮಾನಿಸಿ ಫೋನ್ ಹಚ್ಚಿದೆ.

"ಅಕ್ಕ, ದೇವರಾಣೆ, ತಪ್ಪದೆ ಹಾಕ್ಕಂತ ಇದ್ದೆ," ಅಂದ.

"ಆಣೆ ಗೀಣೆ ಬ್ಯಾಡ. ಅಪ್ಪನ ಹಾಂಗೇ ದೋಣಿ ಬುಡದಾಗೆ ಸಾಯ್ಕ್ ಅಂದಿದ್ರೆ ಸಾಯಿ!"

ಅಂದವಳೇ ಫೋನ್ ಇಟ್ಟುಬಿಟ್ಟೆ. ನಾಲಿಗೆಗೆ ಎಲುಬಿಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಎರಡು ವಾರ ನಾನೂ ಫೋನ್ ಮಾಡಲಿಲ್ಲ. ಮತ್ತೆ ಮಾತಾಡಿದೆವು, ಮಳೆ, ಮೀನು, ಮಕ್ಕಳು ಅಂತ. ಕ್ಷಮೆ ಮಾತ್ರ ಕೇಳಲಿಲ್ಲ.

ಅದಾಗಿ ಒಂದೂವರೆ ತಿಂಗಳಿಗೆ ತಮ್ಮ ಹೋದ. ಬೆಳಿಗ್ಗೆ ಗಂಜಿಗೆ ಕೂತವನು ಬಟ್ಟಲ ಮುಂದೆಯೇ ಒರಗಿದನಂತೆ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮಾರನೇ ದಿನ ಅವನ ಹೆಂಡತಿ ಜಗಲಿಗೆ ಒಂದು ಥರ್ಮಕೋಲ್ ಪೆಟ್ಟಿಗೆ ತಂದಿಟ್ಟಳು. "ಒಂದ್ ಉಳ್ದಿತ್ತ್ ಅತ್ತಿಗೆ. ಯಾರಿಗಾರೂ ಕೊಡಿ, ಹಾಳಾಪ್ದ್ ಬ್ಯಾಡ."

ಮುಚ್ಚಳ ತೆಗೆದೆ. ಪುಡಿ ಮಾಡಿದ ಐಸು, ಅದರ ಮಧ್ಯೆ ಮಧ್ಯೆ ಕಲ್ಲುಪ್ಪು. ದೂರದೂರಿಗೆ ಅಂಜಲ್ ಮೀನು ಕಳಿಸುವಾಗ ನಮ್ಮವರು ತುಂಬುವ ಹಾಗೇ. ಬರೀ ಐಸಿಗಿಂತ ಉಪ್ಪು ಬೆರೆತ ಐಸು ಎಷ್ಟೋ ಹೆಚ್ಚು ತಂಪು, ಮೀನು ಕಲ್ಲಾಗುತ್ತದೆ. ಮನೆಯಲ್ಲಿ ಫ್ರಿಜ್ಜಿತ್ತು. ಆದರೆ ಮಳೆಗಾಲದಲ್ಲಿ ಕರೆಂಟು ಎರಡೆರಡು ದಿನ ಬರುವುದಿಲ್ಲ, ಅದನ್ನು ನಂಬುವುದು ಹೇಗೆ ಅಂತ ಅವಳು ತನ್ನ ಕೈಯನ್ನೇ ನಂಬಿದ್ದಳು. ಸಿರಿಂಜನ್ನು ಎತ್ತಿದೆ. ಮದ್ದು ಗಟ್ಟಿಯಾಗಿತ್ತು. ಅಂಗೈಯಲ್ಲಿ ಹಿಡಿದು ಕೂತೆ. ಕರಗಿದ ಮೇಲೆ ಬೆಳಕಿಗೆ ಹಿಡಿದರೆ ಒಳಗೆ ಬಿಳಿ ಎಳೆಗಳು ತೇಲುತ್ತಿದ್ದವು. ಎಷ್ಟು ಸಾವಿರ ಸಲ ಕಂಡ ಎಳೆಗಳೋ ಅವು! ಫ್ರಿಜ್ಜಿನಲ್ಲಿಡು, ಹೆಪ್ಪುಗಟ್ಟಬಾರದು ಅಂತ ಎರಡು ಮಾತು ಹೇಳಲು ನನಗೇನು ದಾಡಿಯಾಗಿತ್ತು? ತಮ್ಮ ಸುಳ್ಳು ಹೇಳಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಆ ಸತ್ತ ಮದ್ದನ್ನೇ ಕರಗಿಸಿಕೊಂಡು ಹೊಟ್ಟೆಗೆ ಚುಚ್ಚಿಕೊಂಡಿದ್ದ. ಮದ್ದು ಸರಿ ಇದ್ದರೂ ಅವನು ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ.

ಅವಳು ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. "ಒಂದ್ ದಿನ ಐಸ್ ತಪ್ಪಿಸ್ಲಿಲ್ಲೆ ಅತ್ತಿಗೆ. ನೀವ್ ಫೋನಲ್ಲ್ ಬೈದ್ರಿ ಅಲ್ದಾ, ಅವತ್ತ್ ಇವ್ರ್ ಅಂದ್ರ್, ಅಕ್ಕ ತಂದ ಮದ್ದು ಸುಳ್ಳಾಪ್ದಲ್ಲ, ನಮ್ಮ್ ತಂಪೇ ಸಾಕಾತಿಲ್ಲೆ ಕಾಣತ್, ಇನ್ನೊಂದ್ ಮುಷ್ಟಿ ಉಪ್ಪು ಹಾಕ್ ಅಂತ. ಅವತ್ತಿಂದ ದಿನಾ ಹಾಕ್ದೆ. ನಾನ್ ಸಮಾ ಇಟ್ಟಿದ್ನಲ್ದಾ ಅತ್ತಿಗೆ?"

"ಹೌದ್ ಹೆಣ್ಣೇ," ಅಂದೆ. "ಸಮಾ ಇಟ್ಟಿದ್ದೆ ನೀನು."