ಗೆಜ್ಜೆ ಕಟ್ಟದ ಮನೆತನ

ಶಾದಿಪುರದ ಇಂದ್ರಾವತಿ ಟೀಚರ್ ಮನೆತನದಲ್ಲಿ ಹೆಣ್ಣುಮಕ್ಕಳು ಕಾಲಿಗೆ ಗೆಜ್ಜೆ ಕಟ್ಟುವುದಿಲ್ಲ. ಮುತ್ತಜ್ಜ ಬದ್ಲೂ ಬಿಳಿಯ ಸಾಹೇಬನೊಬ್ಬನನ್ನು ಕೊಂದು ಕೈದಿಯಾಗಿ ಈ ಕಾಲಾಪಾನಿ ದ್ವೀಪಕ್ಕೆ ಬಂದವನು. ಅವನ ಕಾಲಿಗೆ ಬೇಡಿ ಬಿದ್ದ ಮೇಲೆ ಈ ವಂಶದ ಹೆಣ್ಣಿನ ಕಾಲಲ್ಲಿ ಲೋಹ ಸದ್ದು ಮಾಡಕೂಡದು ಎಂಬುದು ನೇಮ. ಇಂದ್ರಾವತಿ ತಮ್ಮ ಮದುವೆಯಲ್ಲಿ ಅತ್ತೆ ತಂದ ಬೆಳ್ಳಿಗೆಜ್ಜೆಯನ್ನು ತಟ್ಟೆಯ ಸಮೇತ ಹಿಂದಿರುಗಿಸಿದ್ದರು. ಅತ್ತೆ ಸಾಯುವವರೆಗೂ ಅದನ್ನು ಮರೆಯಲಿಲ್ಲ. ಮಗಳು ರಚನಾ ಆರನೇ ತರಗತಿಯಲ್ಲಿ ಗೆಳತಿಯ ಗೆಜ್ಜೆ ಕಟ್ಟಿಕೊಂಡು ಶಾಲೆಯ ಕುಣಿತಕ್ಕೆ ನಿಂತಾಗ, ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಾಯಿ ವೇದಿಕೆ ಹತ್ತಿ ಎಲ್ಲರೆದುರೇ ಕೆನ್ನೆಗೆ ಹೊಡೆದಿದ್ದರು.

ನಿವೃತ್ತಿಯಾದ ವರ್ಷ ಅವರಿಗೆ ಒಂದು ಕೆಲಸ ಸಿಕ್ಕಿತು. ಕೈದಿಗಳ ಸಂತತಿಯವರ ಸಂಘ, ಬ್ರಿಟಿಷರ ವಿರುದ್ಧ ನಿಂತು ಶಿಕ್ಷೆಯಾದ ಹಿರಿಯರ ಹೆಸರಿನ ಕಲ್ಲು ನಿಲ್ಲಿಸಲು ಹೊರಟಿತ್ತು. ಬದ್ಲೂ ಹೆಸರು ಅದರಲ್ಲಿರಬೇಕು ಎಂದು ಇಂದ್ರಾವತಿ ಅರ್ಜಿ ಹಾಕಿದರು. ಕೋರ್ಟಿನ ತೀರ್ಪಿನ ನಕಲು ಬೇಕೆಂದು ಕಾರ್ಯದರ್ಶಿ ಸಲಾಮತ್ ಅಲಿ ಕೇಳಿದರು.

"ನಿಮ್ಮ ಮೇಲೆ ಅನುಮಾನ ಅಲ್ಲ ಟೀಚರ್‌ಜೀ. ಬಂದ ಅರ್ಜಿಗಳನ್ನ ನಂಬಿದ್ರೆ ಈ ದ್ವೀಪದಲ್ಲಿ ಎಲ್ಲರ ತಾತನೂ ಒಬ್ಬೊಬ್ಬ ಸಾಹೇಬನನ್ನ ಹೊಡೆದಿದ್ದಾನೆ. ಅಷ್ಟು ಸಾಹೇಬರು ಸತ್ತಿದ್ರೆ ಜೈಲು ನಡೆಸಿದ್ದು ಯಾರು?"

ಇಲ್ಲಿನ ಹಳೆಯ ಕಡತಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ಜಪಾನಿಯರು ದ್ವೀಪ ಹಿಡಿದಿದ್ದ ಕಾಲದಲ್ಲೇ ಹೋದವು. ಉಳಿದದ್ದು ಬದ್ಲೂ ಕೊರಳಲ್ಲಿ ತೂಗುತ್ತಿದ್ದ ಮರದ ಬಿಲ್ಲೆ. ಅದರ ಮೇಲೆ ಕೈದಿ ಸಂಖ್ಯೆ, ಕೊಲೆಯ ಕಲಮು, ಶಿಕ್ಷೆಯಾದ ದಿನ ಇದ್ದವು. ಕೊಂದದ್ದು ಯಾರನ್ನು ಎಂದು ಇರಲಿಲ್ಲ. ಆ ಸಂಖ್ಯೆ ಹಿಡಿದು ಇಂದ್ರಾವತಿ ಅವನ ಹುಟ್ಟೂರಾದ ಗಾಜೀಪುರದ ಕಡೆಯ ಕೋರ್ಟಿಗೂ, ಅವನನ್ನು ಹಡಗು ಹತ್ತಿಸುವ ಮುನ್ನ ಇಟ್ಟಿದ್ದ ಜೈಲಿಗೂ ಎರಡು ವರ್ಷ ಪತ್ರ ಬರೆದರು.

ಕೊನೆಗೆ ಒಂದು ಲಕೋಟೆ ಬಂತು. ಜೈಲಿನ ದಾಖಲೆಯ ಹಾಳೆಯಲ್ಲಿ ಅದೇ ಸಂಖ್ಯೆ, ಅದೇ ದಿನ, ಎಡ ಹುಬ್ಬಿನ ಮೇಲೆ ಮನೆಯವರೆಲ್ಲ ಹೇಳುತ್ತಿದ್ದ ಅದೇ ಗಾಯದ ಗುರುತು. ತೀರ್ಪು ನಾಲ್ಕು ಪುಟ. ಬದ್ಲೂ, ವಯಸ್ಸು ಹತ್ತೊಂಬತ್ತು. ಸತ್ತವಳು ನೆರೆಮನೆಯ ಸುಗಿಯಾ, ವಯಸ್ಸು ಏಳು. ಕಬ್ಬಿನ ಗದ್ದೆಯಲ್ಲಿ ಕತ್ತು ಹಿಸುಕಿದ್ದು, ಅವಳ ಕಾಲಿನ ಬೆಳ್ಳಿಗೆಜ್ಜೆಗಾಗಿ. ಗೆಜ್ಜೆ ಹೂತಿಟ್ಟ ಜಾಗ ತಾನೇ ತೋರಿಸಿದ್ದ. ಎಳೆಯ ವಯಸ್ಸೆಂದು ಗಲ್ಲು ತಪ್ಪಿ ಜೀವಾವಧಿಯಾಯಿತು.

ಭಾನುವಾರ ಇಂದ್ರಾವತಿ ಎಂದಿನಂತೆ ಚಾಥಮ್‌ನಲ್ಲಿ ದೋಣಿ ಹತ್ತಿ ಬಂಬೂಫ್ಲಾಟ್‌ಗೆ ಹೋದರು. ತಂದೆಯ ತಂಗಿ ಸೋನ್‌ಮತಿ ಇರುವುದು ಅಲ್ಲಿ. ಎಂಬತ್ತೆಂಟು ವರ್ಷ, ಬದ್ಲೂನನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಮುದುಕಿ ಅಡಿಕೆ ಕತ್ತರಿಸುತ್ತಿದ್ದರು.

"ಬುವಾ, ಸುಗಿಯಾ ಅಂದ್ರೆ ಯಾರು?"

"ಯಾವ ಸುಗಿಯಾ? ಜೆಟ್ಟಿ ಹತ್ರ ಮೀನು ಮಾರೋಳಾ?"

"ಏಳು ವರ್ಷದ ಹುಡುಗಿ. ಕಬ್ಬಿನ ಗದ್ದೆಯಲ್ಲಿ ಸಿಕ್ಕಿದ್ಲು. ಕಾಲಲ್ಲಿ ಗೆಜ್ಜೆ ಇರಲಿಲ್ಲ."

ಅಡಕತ್ತರಿ ನಿಂತಿತು.

"ಹೆಸರು ಗೊತ್ತಿರಲಿಲ್ಲ ಕಣೇ," ಎಂದರು ಸೋನ್‌ಮತಿ.

ಅಂದರೆ ಉಳಿದದ್ದೆಲ್ಲ ಗೊತ್ತಿತ್ತು.

"ನನಗೆ ಆರು ವರ್ಷ. ಅಮ್ಮ ಆಸೆಪಟ್ಟು ಗೆಜ್ಜೆ ಕಟ್ಟಿದ್ಲು. ಅಂಗಳದಲ್ಲಿ ಓಡಿದೆ. ಮುದುಕ ಎರಡೂ ಕಿವಿ ಮುಚ್ಚಿಕೊಂಡು ಸಮುದ್ರದ ಕಡೆ ಹೋದ. ಬಿಚ್ಚೋವರೆಗೂ ಅನ್ನ ಮುಟ್ಟಲಿಲ್ಲ. ಯಾಕೆ ಅಂತ ಅಜ್ಜಿ ಆಮೇಲೆ ಹೇಳಿದ್ಲು."

"ಮತ್ತೆ ಸಾಹೇಬನ ಕಥೆ?"

"ನಿಮ್ಮಪ್ಪ ಕಟ್ಟಿದ್ದು. ಸ್ವಾತಂತ್ರ್ಯ ಬಂದ್ಮೇಲೆ ಸಮುದ್ರದಾಚೆಯಿಂದ ಆಫೀಸರುಗಳು ಬಂದ್ರಲ್ಲ, 'ನಿಮ್ಮ ತಾತಂದು ಯಾವ ಕೇಸಪ್ಪಾ' ಅಂತ ಹಲ್ಲು ಕಿಸೀತಾ ಕೇಳೋರು. ಏನು ಹೇಳ್ಬೇಕಿತ್ತು?"

"ಅವರಿಗೆ ಏನಾದ್ರೂ ಹೇಳ್ಕೊಳ್ಳಿ. ನನಗ್ಯಾಕೆ ಹೇಳಿದ್ರಿ? ರಚನಾಗೆ ಹೊಡೆದ ದಿನ ನೀವು ಮುಂದಿನ ಸಾಲಲ್ಲೇ ಕೂತಿದ್ರಿ, ಬುವಾ. ಬಾಯಿ ಬಿಡಲಿಲ್ಲ."

ಮುದುಕಿಗೆ ಸಿಟ್ಟು ಬಂತು. "ಏ ಟೀಚರಮ್ಮ, ಶಾದಿಪುರದಲ್ಲಿ ಯಾರ ಮನೆ ಬಾಗಿಲು ತಟ್ಟಿದ್ರೂ ಒಳಗೊಂದು ಕೊಲೆ ಇದೆ. ನಿನಗೊಬ್ಬಳಿಗೇ ಒಳ್ಳೆ ಕೊಲೆ ಬೇಕಿತ್ತು."

ಇಂದ್ರಾವತಿ ಚೀಲದಿಂದ ಮರದ ಬಿಲ್ಲೆ ತೆಗೆದು ಅಡಿಕೆ ತಟ್ಟೆಯ ಪಕ್ಕ ಇಟ್ಟರು. ತಂದಿದ್ದ ಮೀನಿನ ಸಾರಿನ ಡಬ್ಬಿಯನ್ನು ಹೊರಗೆ ತೆಗೆಯಲೇ ಇಲ್ಲ.

"ಮುಂದಿನ ಭಾನುವಾರ ಬರ್ತೀಯಲ್ಲ?" ಎಂದು ಸೋನ್‌ಮತಿ ಒಳಗಿನಿಂದಲೇ ಕೂಗಿದರು. ಇಂದ್ರಾವತಿ ಆಗಲೇ ಜೆಟ್ಟಿಯ ದಾರಿ ಹಿಡಿದಿದ್ದರು.

ಮರುದಿನ ಅರ್ಜಿ ವಾಪಸ್ ಪಡೆಯಲು ಹೋದಾಗ ಸಲಾಮತ್ ಅಲಿ ತೀರ್ಪನ್ನು ಓದಿ, ಮಡಿಚಿ, ಮೆಲ್ಲಗೆ ಹಿಂದಕ್ಕೆ ಸರಿಸಿದರು. "ತೀರ್ಪು ಸಿಗಲಿಲ್ಲ ಅಂತ ಬರೀತೀನಿ ಬಿಡಿ ಟೀಚರ್‌ಜೀ. ನಮ್ಮನೇದೂ ನಾನು ಹುಡುಕಿಸಿಲ್ಲ."

"ಸಿಕ್ಕಿದೆ ಅಂತಲೇ ಬರೀರಿ," ಎಂದರು ಇಂದ್ರಾವತಿ.

ಅಲ್ಲಿಂದ ನೇರ ಗಾರಾಚರ್ಮಾದಲ್ಲಿರುವ ಮಗಳ ಮನೆಗೆ ಹೋದರು. ರಚನಾಗೆ ಈಗ ಮೂವತ್ತನಾಲ್ಕು. ಬಟ್ಟೆ ಮಡಿಸುತ್ತಲೇ ಎಲ್ಲ ಕೇಳಿಸಿಕೊಂಡಳು. ಅಪ್ಪ ಕಟ್ಟಿದ ಸುಳ್ಳು, ಬುವಾ ಮುಚ್ಚಿಟ್ಟ ಸತ್ಯ, ಬದ್ಲೂನ ಕೇಡು, ಒಂದೊಂದನ್ನೂ ಇಂದ್ರಾವತಿ ಪಾಠದಂತೆ ಬಿಡಿಸಿ ಹೇಳಿದರು. ಎಲ್ಲರೂ ಸೇರಿ ನನಗೆ ಮೋಸ ಮಾಡಿದರು ಎಂದರು.

"ಮಾಡಿದ್ರು," ಎಂದಳು ರಚನಾ. "ಆದ್ರೆ ಅಮ್ಮ, ನನಗೆ ಹೊಡೆದಿದ್ದು ಬದ್ಲೂ ಅಲ್ಲವಲ್ಲ."

ಅವಳು ಮುಂದಿನ ಬಟ್ಟೆ ಕೈಗೆತ್ತಿಕೊಂಡಳು.